ಅಂಕಿಯ ವಿಳಾಸದಲ್ಲಿದ್ದ ಕೌದಿ

ಆಡಕಿ ಊರಿನ ನಮ್ಮ ಸೋದರತ್ತೆ ಈಗ ಸೂಜಿ ಹಿಡಿಯುವುದಿಲ್ಲ. ಕಣ್ಣು ಸಾಥ್ ಕೊಡುತ್ತಿಲ್ಲ. ಆಕೆ ಕೌದಿ ಹೊಲಿಯುತ್ತಿದ್ದ ದಿನಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಆಗ ನಾನು ಸೇಡಂನ ಒಂದು ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಪಹಣಿಗೆ ಬಂದವರ ಸಾಲು ಕರಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಅತ್ತೆಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಜನ ತೀರಿಹೋದ ತಾಯಿಯ ಸೀರೆಗಳನ್ನು ಗಂಟು ಕಟ್ಟಿ ತಂದು ಕೊಡುತ್ತಿದ್ದರು. ಒಂದೊಂದು ಕೌದಿಗೂ ಸೈಟಿನಲ್ಲಿ ಒಂದು ಪುಟ ಮಾಡಿ, ಅದರ ವಿಳಾಸವನ್ನು ಸೀರೆ ಕೊಟ್ಟವರಿಗೆ ಬರೆದುಕೊಡುತ್ತಿದ್ದೆ. ಅತ್ತೆ ಸೀರೆಗಳನ್ನು ಪದರ ಸೇರಿಸಿ ಹೊಲಿದ ಹಾಗೆ, ಆ ಕೌದಿಯ ಪುಟಕ್ಕೆ ನಾನು ದಿನವೂ ಫೋಟೋ ಹಾಕುತ್ತಿದ್ದೆ.

ಸುಮ್ಮನಿದ್ದವನ ತಲೆಗೆ ಒಂದು ಹುಳ ಹೊಕ್ಕಿತು. ಕೌದಿ ಎಂದು ಹುಡುಕಿದರೆ ನಮ್ಮ ಸೈಟು ಎಲ್ಲೋ ತಳದಲ್ಲಿ ಬರುತ್ತಿತ್ತು. ಪುಟಗಳ ವಿಳಾಸದ ತುದಿಗೆ ಬರೀ ಅಂಕಿ ಇದ್ದರೆ ಹೀಗೇ, ಓದಲು ಬರುವ ಮಾತಿದ್ದರೆ ಮೇಲೇರುತ್ತದೆ ಎಂದು ಎಲ್ಲಿಯೋ ಓದಿದೆ. ಓದಿದ್ದು ಅರ್ಧ, ನಂಬಿದ್ದು ಪೂರ್ತಿ. ಒಂದು ಮಧ್ಯಾಹ್ನ ಕುಳಿತು ಎಲ್ಲ ಅಂಕಿ ತೆಗೆದು 'ಇಳಕಲ್ ಸೀರೆ ಕೌದಿ', 'ಅವ್ವನ ಸೀರೆ ಕೌದಿ' ಎಂದೆಲ್ಲ ಹೆಸರಿಟ್ಟೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ದಾಟಿಸುವ ಏರ್ಪಾಡು ಮಾಡಬೇಕೆಂಬುದೇ ಗೊತ್ತಿರಲಿಲ್ಲ. ಇಷ್ಟು ಮಾಡಿಯೂ ಸೈಟು ಮೇಲೇರಲಿಲ್ಲ, ಇನ್ನೂ ಕೆಳಗಿಳಿಯಿತು. ವಿಳಾಸದೊಳಗಿನ ಮಾತಿನಿಂದ ನೋಡುವವರಿಗೆ ಗುರುತು ಸಿಗುತ್ತದೆ, ಸರ್ಚಿನಲ್ಲಿ ಅದರ ಬಲ ಅಷ್ಟಕ್ಕಷ್ಟೇ ಎಂದು ಆಮೇಲೆ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು.

ನಾಲ್ಕನೇ ದಿನ ಭಾನುವಾರ. ನಾನು ಅತ್ತೆಯ ಮನೆಯಲ್ಲೇ ಇದ್ದೆ. ಶಹಾಬಾದಿನಿಂದ ಒಬ್ಬ ಶಿಕ್ಷಕಿ ಬಂದು ಬಾಗಿಲಲ್ಲಿ ನಿಂತರು. ತಮ್ಮ ತಾಯಿಯ ಐದು ಸೀರೆ ಕೊಟ್ಟುಹೋದವರು.

"ಅವ್ವನ ಸೀರಿ ಎಲ್ಲಿ ಅವ ತೋರಸ್ರಿ," ಎಂದರು. "ನಾಕು ದಿನ ಆತು, ಪುಟಾನೇ ಕಾಣವಲ್ದು. ಫೋನ್ ಮಾಡಬೇಕಂದ್ರ ನಂಬರ್ ಸೈತ ಅದರಾಗೇ ಇತ್ತು. ಸೀರಿ ಹೋದ್ವು ಅಂತ ನಮ್ಮ ತಂಗಿ ಊಟ ಬಿಟ್ಟು ಅಳಾಕತ್ತಾಳ."

"ನಿಮ್ಮವ್ವನ ಸೀರಿ ಎಲ್ಲಿ ಹೋಗ್ತಾವ್ರಿ? ಒಳಗ ಬರ್ರಿ, ಕುಂದ್ರಿ," ಎಂದು ಅತ್ತೆ ಕೌದಿ ತಂದು ಹಾಸಿದಳು. ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಶಿಕ್ಷಕಿ ಐದು ಸೀರೆಯ ಅಂಚನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

ನಾನು ಮುಂದೆ ಬಂದೆ. "ತಪ್ಪು ನಂದೇ ರೀ. ಜಲ್ದಿ ಸಿಗಲಿ ಅಂತ ವಿಳಾಸ ಬದಲ್ ಮಾಡ್ದೆ. ಬರೀ ಅಂಕಿ ಯಾರಿಗಿ ನೆನಪಿರ್ತದ ಅಂದ್ಕೊಂಡೆ."

"ಆರನೂರಾ ಹದಿನಾಕು," ಎಂದರು ಅವರು. "ನಮಗ ಬಾಯಿಪಾಠ ಅದ. ನಾನು, ವಾಡಿ ಊರಾಗಿನ ತಂಗಿ, ಇಬ್ಬರೂ ಮುಂಜಾನಿ ಎದ್ದು ಮೊದಲ ಅದೇ ತೆಗೀತಿದ್ವಿ. ಅವ್ವ ಇವತ್ತ ಎಷ್ಟು ಆಗ್ಯಾಳ ಅಂತ ನೋಡ್ತಿದ್ವಿ."

ಅತ್ತೆ ನನ್ನ ಕಡೆ ತಿರುಗಿದಳು. "ಮನಿ ಬದಲ್ ಮಾಡಿದವ್ರು ಹಳೇ ಓಣ್ಯಾಗ ಒಂದು ಮಾತು ಹೇಳಿ ಬರ್ತಾರ. ಇಷ್ಟು ಕಲ್ತು ಅಷ್ಟೂ ತಿಳೀಲಿಲ್ಲೇನು ನಿನಗ?" ಸೆಂಟರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು.

ಕೌದಿ ಹಸಿದಿರಬಾರದೆಂದು ಕಡೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ರೊಟ್ಟಿಯ ಚೂರು ಇಡುವುದು ಅತ್ತೆಯ ರೂಢಿ. ಅಂದು ಅವಳು ಜೋಳದ ರೊಟ್ಟಿ ಮುರಿದು ಶಿಕ್ಷಕಿಯ ಕೈಗೆ ಕೊಟ್ಟಳು. ಅವರು ಅದನ್ನು ಪದರದೊಳಗೆ ಇಟ್ಟು ಬಹಳ ಹೊತ್ತು ಕೈ ಹೊರತೆಗೆಯಲಿಲ್ಲ. ಆಮೇಲೆ ಅತ್ತೆ ಮೂಲೆ ಮುಚ್ಚಿ ದಾರ ಕಡಿದಳು.

ನಾನು ಫೋಟೋ ತೆಗೆದೆ. ಫೋನಿನಲ್ಲೇ ಪುಟ ತೆರೆದು, ಆ ಫೋಟೋ ಏರಿಸಿ, ವಿಳಾಸಕ್ಕೆ ಇಟ್ಟ ಹೆಸರು ಅಳಿಸಿ, ಹಳೆಯ ಅಂಕಿಯನ್ನೇ ಹಾಕಿದೆ. ಯಾರಿಗೂ ಸುದ್ದಿ ಕಳಿಸಿರಲಿಲ್ಲ. ಚಹಾ ಬರುವಷ್ಟರಲ್ಲಿ ಶಿಕ್ಷಕಿಯ ಫೋನು ಬಡಿದುಕೊಂಡಿತು. ವಾಡಿಯ ತಂಗಿ. ನಾಲ್ಕು ದಿನದಿಂದ ಅವಳು ಆ ಸತ್ತ ವಿಳಾಸವನ್ನೇ ಮತ್ತೆ ಮತ್ತೆ ಒತ್ತುತ್ತಿದ್ದಳಂತೆ.

"ಅಕ್ಕಾ," ಎಂದ ದನಿ ನಮಗೂ ಕೇಳಿಸಿತು, "ಅವ್ವ ಪೂರಾ ಆಗ್ಯಾಳ."