ತುಟಿ ಅಲ್ಲಾಡಿಸಿದ ಅಪರಾಧ

ಕೋವಿಡ್ ಮುಗಿದು ಎರಡನೆಯ ವರ್ಷ ನಡೆಯುತ್ತಿತ್ತು. ಬಸವಕಲ್ಯಾಣದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಉಪನ್ಯಾಸಕಿ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಹುಡುಗರು ಬೆನ್ನ ಹಿಂದೆ ‘ಖಾರಪುಡಿ ಮೇಡಂ’ ಎನ್ನುತ್ತಿದ್ದರು, ಸಹೋದ್ಯೋಗಿಗಳು ಮುಖದ ಮುಂದೆಯೇ ಎನ್ನುತ್ತಿದ್ದರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಎಷ್ಟು ಸಲ ಸಿಟ್ಟಾದೆನೋ, ಬಹುಪಾಲು ಮರುದಿನಕ್ಕೆ ಮರೆತುಹೋಗಿದೆ. ಹುಮನಾಬಾದಿನಲ್ಲಿ ಒಂದು ಬೆಳಿಗ್ಗೆ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಹೊರರಾಜ್ಯದ ಒಂದು ವಿಶ್ವವಿದ್ಯಾಲಯ ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸ್ ನಡೆಸುತ್ತದೆ. ಅಂದರೆ ಬಿ.ಎ., ಎಂ.ಎ. ಎರಡೂ ಒಂದೇ ಓಟದಲ್ಲಿ ಮುಗಿಯುತ್ತವೆ. ಹಾಸ್ಟೆಲು, ಊಟ, ಪುಸ್ತಕ ಎಲ್ಲ ಅವರದೇ. ಸೇರಲು ಇರುವುದು ಪ್ರವೇಶ ಪರೀಕ್ಷೆಯೊಂದೇ ದಾರಿ. ಅದರಲ್ಲಿ ಎರಡು ಭಾಗ. ಮೊದಲನೆಯದು ರೀಡಿಂಗ್: ಎಂದೂ ನೋಡಿರದ ಆರು ಇಂಗ್ಲಿಷ್ ಪ್ಯಾಸೇಜುಗಳು, ಒಂದೊಂದರ ಕೆಳಗೆ ಎಂಟು ಪ್ರಶ್ನೆ, ಎಪ್ಪತ್ತು ನಿಮಿಷ. ಎರಡನೆಯದು ರೈಟಿಂಗ್: ಅಲ್ಲಿಯೇ ಕೊಟ್ಟ ವಿಷಯದ ಮೇಲೆ ನಲವತ್ತು ನಿಮಿಷದಲ್ಲಿ ಒಂದು ಪ್ರಬಂಧ. ಬಾಯಿಪಾಠ ಮಾಡಿದ್ದು ಇಲ್ಲಿ ಕವಡೆಯಷ್ಟೂ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಮಕ್ಕಳಿಗೆ ಬರುತ್ತಿದ್ದದ್ದು ಅದೊಂದೇ. ಪೇಟೆಯ ಗೈಡಿನಲ್ಲಿ ಹತ್ತು ಪ್ರಬಂಧ ಅಚ್ಚಾಗಿರುತ್ತವೆ, ಅವನ್ನು ಉರು ಹೊಡೆದು ಯಾವ ವಿಷಯ ಬಂದರೂ ಅದರಲ್ಲೊಂದನ್ನು ತುರುಕಿ ಬರುವುದು ರೂಢಿ. ಗ್ರಂಥಾಲಯದ ಬಗ್ಗೆ ಬರೆಯಿರಿ ಎಂದರೆ ಪತ್ರಿಕೆಯ ಮಹತ್ವ ಬರೆದು ಕೊನೆಯ ಸಾಲಿನಲ್ಲಿ ಗ್ರಂಥಾಲಯ ಎಂದು ಸೇರಿಸಿದ ಮಹಾನುಭಾವರನ್ನು ಕಂಡಿದ್ದೇನೆ. ಹಾಗಾಗಿ ಜನವರಿಯಿಂದ ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಒಂಬತ್ತು ಮಕ್ಕಳನ್ನು ಕೂರಿಸಿಕೊಂಡೆ. ಮೊದಲ ದಿನವೇ ಒಂಬತ್ತೂ ಗೈಡುಗಳನ್ನು ಇಸಿದುಕೊಂಡು ಬೀರುವಿನಲ್ಲಿಟ್ಟು ಕೀಲಿ ಹಾಕಿದೆ.

ನನ್ನ ಪದ್ಧತಿ ಸರಳವಾಗಿತ್ತು. ಒಬ್ಬರು ಪ್ಯಾಸೇಜನ್ನು ಗಟ್ಟಿಯಾಗಿ ಓದಬೇಕು. ಓದಿದ್ದನ್ನು ತಮ್ಮ ಮನೆಮಾತಿನಲ್ಲಿ ಹೇಳಬೇಕು. ಕನ್ನಡವೋ, ದಖ್ಖನಿ ಉರ್ದುವೋ, ಮರಾಠಿಯೋ, ನನಗೆ ಚಿಂತೆಯಿಲ್ಲ. ಆಮೇಲೆ ಪ್ರಶ್ನೆಗೆ ಕೈ ಹಚ್ಚಬೇಕು. ಗಟ್ಟಿಯಾಗಿ ಓದಿಸುವುದು ನಾನು ಕಂಡುಹಿಡಿದದ್ದಲ್ಲ. ಈ ಕಡೆಯ ಶಾಲೆಗಳಲ್ಲಿ ಓದು ಎಂದರೆ ಸದ್ದು. ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು ಕಿವಿ ಕೊಡುತ್ತಾರೆ. ಯಾವ ಕೋಣೆಯಿಂದ ಸದ್ದು ಬರುತ್ತದೋ ಅಲ್ಲಿ ಪಾಠ ನಡೆದಿದೆ, ಯಾವುದು ಸುಮ್ಮನಿದೆಯೋ ಅಲ್ಲಿ ನಿದ್ದೆ ನಡೆದಿದೆ ಎಂದು ಲೆಕ್ಕ. ನಾನೂ ಹಾಗೇ ಓದಿ ಬೆಳೆದವಳು. ಅಭ್ಯಾಸ ಪರೀಕ್ಷೆ ಕೊಟ್ಟಾಗಲೂ ಒಂಬತ್ತು ಬಾಯಿಗಳು ಗುಣುಗುಣು ಎನ್ನುತ್ತಿದ್ದವು. ನನಗೆ ಅದು ಹಿತವಾಗಿಯೇ ಕೇಳುತ್ತಿತ್ತು.

ಆ ಒಂಬತ್ತರಲ್ಲಿ ರುಬೀನಾ ಒಬ್ಬಳು. ಅಪ್ಪ ಮೆಹಬೂಬ್ ಮುಡಬಿ ದಾರಿಯಲ್ಲಿ ಶೇರ್ ಆಟೊ ಓಡಿಸುತ್ತಿದ್ದ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ ಇದ್ದರು. ಎಲ್ಲರೂ ಅವರನ್ನು ದಾದಿಮಾ ಎನ್ನುತ್ತಿದ್ದರು. ರುಬೀನಾ ಎರಡನೆಯ ತರಗತಿಯಿಂದ ದಾದಿಮಾಗೆ ಕನ್ನಡ ಪೇಪರ್ ಓದಿ, ಕಠಿಣ ಮಾತಿಗೆ ದಖ್ಖನಿಯಲ್ಲಿ ಅರ್ಥ ಹೇಳುತ್ತಿದ್ದಳು. ಗುಳಿಗೆಯ ಪಟ್ಟಿ, ಕರೆಂಟ್ ಬಿಲ್ಲು, ಓಣಿಗೆ ಬಂದ ನೋಟೀಸು, ಎಲ್ಲ ಅವಳ ಬಾಯಿಯಿಂದಲೇ ಆ ಮನೆಗೆ ತಿಳಿಯಬೇಕು. ಒಂದು ಸಾಲು ನುಂಗಿದರೂ ದಾದಿಮಾ ಹಿಡಿಯುತ್ತಿದ್ದರಂತೆ.

ಅದರ ಫಲ ನನಗೆ ಮೊದಲ ವಾರದಲ್ಲೇ ಕಾಣಿಸಿತು. ಜೇನುಹುಳುಗಳ ಬಗ್ಗೆ ಒಂದು ಪ್ಯಾಸೇಜು ಇತ್ತು. ಲೇಖಕ ಜೇನು ಸಾಕುವವರನ್ನು ಹೊಗಳುತ್ತಿದ್ದಾನೋ ತೆಗಳುತ್ತಿದ್ದಾನೋ ಎಂಬುದು ಪ್ರಶ್ನೆ. ಎಂಟು ಮಕ್ಕಳು ಹೊಗಳುತ್ತಿದ್ದಾನೆ ಎಂದರು. ರುಬೀನಾ ಮತ್ತೊಮ್ಮೆ ಬಾಯಿಬಿಟ್ಟು ಓದಿಕೊಂಡು, ಹೊಗಳಿಕೆಯೊಳಗೇ ಚಿವುಟುತ್ತಿದ್ದಾನೆ ಮೇಡಂ ಎಂದು ಆ ಸಾಲಿನ ಮೇಲೆ ಬೆರಳಿಟ್ಟಳು. ನನಗಿಂತ ಚೆನ್ನಾಗಿ ಓದುವ ವಿದ್ಯಾರ್ಥಿ ಸಿಗುವುದು ಮಾಸ್ತರಿಕೆಯ ಭಾಗ್ಯ, ನಾನು ಅದನ್ನು ಅವಳೆದುರೇ ಹೇಳಿದೆ. ಮಾರ್ಚ್ ಹೊತ್ತಿಗೆ ನಲವತ್ತೆಂಟು ಪ್ರಶ್ನೆಯಲ್ಲಿ ನಲವತ್ತಮೂರು, ನಲವತ್ತನಾಲ್ಕು ಸರಿ ಮಾಡುತ್ತಿದ್ದಳು. ಸೀಟು ಅವಳದೇ ಎಂದು ನಾನು ಒಳಗೊಳಗೇ ನಿರ್ಧರಿಸಿಬಿಟ್ಟಿದ್ದೆ.

ಏಪ್ರಿಲ್‌ನಲ್ಲಿ ಪರೀಕ್ಷೆ ಬಂತು. ಕೇಂದ್ರ ಹುಮನಾಬಾದಿನ ಒಂದು ಖಾಸಗಿ ಶಾಲೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಮಗಳನ್ನು ಬಿಡಲು ಬಂದ ಮೆಹಬೂಬ್, “ನೀವ್ ಸಂಗಾಟ ಇದ್ದೀರಂದ್ರ ನಂಗೇನ್ ಫಿಕರ್ ಇಲ್ರಿ ಮೇಡಂ” ಎಂದು ಆಟೊ ತಿರುಗಿಸಿಕೊಂಡು ಹೋದ. ಒಂಬತ್ತು ಮಕ್ಕಳನ್ನು ಒಳಗೆ ಕಳಿಸಿ ನಾನು ಗೇಟಿನೆದುರಿನ ಚಹಾದಂಗಡಿಯಲ್ಲಿ ಕೂತೆ. ಪರೀಕ್ಷೆ ಹತ್ತಕ್ಕೆ ಶುರುವಾಯಿತು.

ಹತ್ತೂ ಮುಕ್ಕಾಲಿಗೆ ರುಬೀನಾ ಗೇಟಿನ ಹೊರಗೆ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ಮೈ ಹುಷಾರಿಲ್ಲವೇ ಎಂದು ಕೇಳಿದೆ. ಅದಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು.

“ನಾ ಮಾತಾಡಿಲ್ರಿ ಮೇಡಂ. ನಾ ಓದಾಕತ್ತಿದ್ದೆ” ಎಂದಳು.

ನಡೆದದ್ದನ್ನು ತುಂಡುತುಂಡಾಗಿ ಹೇಳಿದಳು. ನಾಲ್ಕನೆಯ ಪ್ಯಾಸೇಜಿನಲ್ಲಿದ್ದಾಗ ಕೊಠಡಿಯ ಮೇಲ್ವಿಚಾರಕರು ಅವಳ ತುಟಿ ಅಲ್ಲಾಡುವುದನ್ನು ನೋಡಿದ್ದಾರೆ. ಪಕ್ಕದವಳಿಗೆ ಉತ್ತರ ಹೇಳುತ್ತಿದ್ದಾಳೆ ಎಂದು ಮೊದಲು ಗುಮಾನಿ. ಆಮೇಲೆ, ತಲೆಗೆ ಸುತ್ತಿದ ದುಪಟ್ಟಾದೊಳಗೆ ಏನೋ ಯಂತ್ರವಿದೆ, ಯಾರೊಂದಿಗೋ ಮಾತಾಡುತ್ತಿದ್ದಾಳೆ ಎಂದು ಇನ್ನೊಂದು ಗುಮಾನಿ. ಹೆಣ್ಣುಮಗಳೊಬ್ಬಳನ್ನು ಕರೆಸಿ ಬೇರೆ ಕೋಣೆಯಲ್ಲಿ ದುಪಟ್ಟಾ ಬಿಚ್ಚಿಸಿ, ಕಿವಿ, ಕೂದಲು ಎಲ್ಲ ತಡಕಿದ್ದಾರೆ. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದ ಮೇಲೆ ಕ್ಷಮೆ ಕೇಳಿ ಕೂರಿಸಬೇಕಲ್ಲ? ಇಲ್ಲ. ಅಕ್ರಮದ ಫಾರಂ ತುಂಬಿದ್ದಾರೆ. ‘ಪರೀಕ್ಷೆಯ ವೇಳೆ ತುಟಿ ಅಲ್ಲಾಡಿಸುತ್ತಿದ್ದದ್ದು ನಿಜವೇ?’ ಎಂದು ಕೇಳಿದ್ದಾರೆ. ಸುಳ್ಳು ಹೇಳಲು ಬಾರದ ಹುಡುಗಿ ನಿಜ ಎಂದು ಸಹಿ ಹಾಕಿ ಬಂದಿದ್ದಳು.

ಆ ಫಾರಂ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ರಮ ಸಾಬೀತಾದರೆ ಆ ಪರೀಕ್ಷೆಯನ್ನು ಮೂರು ವರ್ಷ ಬರೆಯುವಂತಿಲ್ಲ. ಅವಳ ವಯಸ್ಸಿಗೆ ಮೂರು ವರ್ಷವೆಂದರೆ ಆ ಬಾಗಿಲು ಕಾಯಂ ಮುಚ್ಚಿದಂತೆಯೇ. ನನ್ನ ನೆತ್ತಿಗೇರಿದ ಸಿಟ್ಟನ್ನು ಹೇಗೆ ಹೇಳಲಿ? ಗೇಟಿನಲ್ಲಿದ್ದ ಜವಾನ ಒಳಗೆ ಬಿಡುವುದಿಲ್ಲ ಎಂದ. ಹತ್ತಾರು ಸಲ ಬೋರ್ಡ್ ಪರೀಕ್ಷೆಗೆ ಕೇಂದ್ರ ಅಧೀಕ್ಷಕಿಯಾಗಿ ಕೆಲಸ ಮಾಡಿದವಳು ನಾನು, ನಿಮ್ಮ ಅಧೀಕ್ಷಕರನ್ನು ಇಲ್ಲಿಗೇ ಕರಿ ಎಂದು ಕೂಗಿದೆ. ನನ್ನ ಗಂಟಲಿಗೆ ಅವರು ಬರದೆ ಗತಿಯಿರಲಿಲ್ಲ.

ಅಧೀಕ್ಷಕರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದೊಯ್ದು ಕೂರಿಸಿ ಮೃದುವಾಗಿಯೇ ಮಾತಾಡಿದರು, ಅದು ನನ್ನನ್ನು ಇನ್ನಷ್ಟು ಉರಿಸಿತು. ಅಭ್ಯರ್ಥಿಗಳು ಮಾತಾಡಬಾರದು ಎಂದು ಸೂಚನೆಯಲ್ಲಿದೆ, ಮೇಲ್ವಿಚಾರಕರು ಹೊರಗಿನಿಂದ ಬಂದವರು, ಸಹಿಯಾದ ಫಾರಂ ರದ್ದು ಮಾಡುವುದು ತಮ್ಮ ಕೈಯಲ್ಲಿಲ್ಲ ಎಂದರು.

“ಯಾರ ಸಂಗಾಟ ಮಾತಾಡ್ಯಾಳ ಹೇಳ್ರಿ. ತಡಕಿ ನೋಡೀರಿ, ಏನ್ ಸಿಕ್ತು? ತುಟಿ ಅಲ್ಲಾಡಿಸಬಾರದು ಅಂತ ಯಾವ ಕಲಮಿನ್ಯಾಗ ಬರದದ ತೋರಿಸ್ರಿ, ನಾ ಈಗ ಎದ್ದು ಹೋಗ್ತೀನಿ” ಎಂದೆ.

ತೋರಿಸಲು ಏನೂ ಇರಲಿಲ್ಲ. ಕೊನೆಗೆ ನಾನೇ ಒಂದು ದಾರಿ ಹೇಳಿದೆ: ನೀವೇ ಒಂದು ಕಾಗದ ಕೊಟ್ಟು ಈಕೆ ಹೇಗೆ ಓದುತ್ತಾಳೆಂದು ಕಣ್ಣಾರೆ ನೋಡಿ. ಅವರು ಮೇಜಿನ ಮೇಲಿದ್ದ ಇಂಗ್ಲಿಷ್ ಸುತ್ತೋಲೆಯೊಂದನ್ನು ಅವಳ ಮುಂದಿಟ್ಟು, ತುಟಿ ಮುಚ್ಚಿ ಓದು ಎಂದರು. ರುಬೀನಾ ಓದತೊಡಗಿದಳು. ಎರಡು ಸಾಲು ತುಟಿ ಬಿಗಿಹಿಡಿದಳು. ಮೂರನೆಯ ಸಾಲಿಗೆ ಅವು ತಾವಾಗಿಯೇ ಅಲ್ಲಾಡತೊಡಗಿದವು. ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅದರ ಹಿಂದೆಯೂ ಅಲ್ಲಾಡುತ್ತಿದ್ದವು. ಮುಗಿಸಿ, ಸುತ್ತೋಲೆಯಲ್ಲಿ ಏನಿದೆಯೆಂದು ಒಂದೂ ವಿಷಯ ಬಿಡದೆ ಕನ್ನಡದಲ್ಲಿ ಹೇಳಿದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಮೂರು ತಿಂಗಳು ದಿನಾ ಎದುರು ಕೂತವಳ ತುಟಿಯನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಧೀಕ್ಷಕರಿಗೆ ಮನವರಿಕೆಯಾಯಿತು. ಆದರೆ ಹೊತ್ತು ಯಾರ ಮಾತು ಕೇಳುತ್ತದೆ? ರೀಡಿಂಗ್ ಭಾಗ ಮುಗಿದು ಪತ್ರಿಕೆಗಳನ್ನು ಕಟ್ಟುತ್ತಿದ್ದರು. ರೈಟಿಂಗ್ ಭಾಗಕ್ಕೆ ಕೂರಲಿ, ನನ್ನ ಷರಾ ಬರೆದು ಫಾರಂ ಕಳಿಸುತ್ತೇನೆ ಎಂದರು. ಅವಳು ಮುಖ ತೊಳೆದುಕೊಂಡು ಒಳಗೆ ಹೋದಳು. ಆರು ಪ್ಯಾಸೇಜುಗಳಲ್ಲಿ ಮೂರು ಮಾತ್ರ ಮುಗಿದಿದ್ದವು.

ಮರುದಿನ ಅವರ ಮನೆಗೆ ಹೋದೆ. ಮೆಹಬೂಬ್ ನನಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಚಹಾ ಕೊಟ್ಟು ಬಾಗಿಲ ಬಳಿ ನಿಂತ. ಮಾತಾಡಿದ್ದು ದಾದಿಮಾ.

“ನನ್ನ ಸಲುವಾಗಿ ಬಾಯಿ ಬಿಟ್ಟು ಓದೋ ರೂಢಿ ಆಗ್ಯದರಿ ಅಕಿಗಿ. ಅದೇ ಗುನ್ಹೆ ಆಯ್ತೇನ್ರಿ ಮೇಡಂ?”

ಆ ಅಪರಾಧ ಯಾರದೆಂದು ನನಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಆ ಕ್ಷಣ ಬರಲಿಲ್ಲ. ಓಣಿಯ ಮನೆಯಲ್ಲಿ ಕೂತ ಅಜ್ಜಿಗೆ ಪರೀಕ್ಷಾ ಕೊಠಡಿ ಹೇಗಿರುತ್ತದೆಂದು ಗೊತ್ತಿರಬೇಕಿಲ್ಲ. ನನಗೆ ಗೊತ್ತಿತ್ತು. ನಮ್ಮ ಬೋರ್ಡ್ ಪರೀಕ್ಷೆಗಳಲ್ಲಿ ಹುಡುಗರು ಗುಣುಗುಟ್ಟಿದರೆ ‘ಮನಸ್ನಾಗ ಓದು’ ಎಂದು ಗದರಿ ಮುಂದೆ ಹೋಗುತ್ತೇವೆ. ಹೊರಗಿನವರು ಹಾಗೆ ಮುಂದೆ ಹೋಗಲಾರರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಡೀ ಮೂರು ತಿಂಗಳಲ್ಲಿ ಒಂದೇ ಒಂದು ದಿನ ಸದ್ದಿಲ್ಲದೆ ಕೂರಿಸಿ ಓದಿಸಿದ್ದರೆ ಸಾಕಿತ್ತು.

ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಲು ಕೂತೆ. ಮೊದಲ ಕರಡು ಪೂರ್ತಿ ಬೈಗುಳ. ಹರಿದು ಹಾಕಿದೆ. ಎರಡನೆಯದರಲ್ಲಿ, ಈ ಹುಡುಗಿಗೆ ಬಾಯಿಬಿಟ್ಟು ಓದಲು ತರಬೇತಿ ಕೊಟ್ಟವಳು ನಾನು, ಮೌನವಾಗಿ ಓದುವ ಅಭ್ಯಾಸ ಮಾಡಿಸದೇ ಇದ್ದದ್ದು ನನ್ನ ತಪ್ಪು, ಶಿಕ್ಷೆ ಇದ್ದರೆ ನನಗೆ ಕೊಡಿ ಎಂದು ಬರೆದು, ಹುದ್ದೆಯ ಸಮೇತ ಸಹಿ ಹಾಕಿದೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ನಿವೃತ್ತಿ ಹೊಸ್ತಿಲಲ್ಲಿ ಇದ್ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ಅವರಿಗೂ ನನ್ನ ಬಾಯಿಂದ ಸಿಗಬೇಕಾದದ್ದು ಸಿಕ್ಕಿತು.

ಏಳು ವಾರದ ಮೇಲೆ ಉತ್ತರ ಬಂತು. ಅಕ್ರಮದ ಆರೋಪ ಕೈಬಿಟ್ಟಿದ್ದರು. ಜೊತೆಗೆ ಅಂಕಪಟ್ಟಿಯೂ ಇತ್ತು. ರೈಟಿಂಗ್‌ನಲ್ಲಿ ಇಪ್ಪತ್ತಕ್ಕೆ ಹದಿನೆಂಟು, ನಮ್ಮ ಒಂಬತ್ತು ಮಕ್ಕಳಲ್ಲಿ ಅಷ್ಟು ಬೇರೆ ಯಾರಿಗೂ ಬಂದಿರಲಿಲ್ಲ. ರೀಡಿಂಗ್‌ನಲ್ಲಿ ಮೂರು ಪ್ಯಾಸೇಜಿನ ಇಪ್ಪತ್ತನಾಲ್ಕು ಪ್ರಶ್ನೆಗೆ ಇಪ್ಪತ್ತಮೂರು ಸರಿ. ಉಳಿದದ್ದು ಖಾಲಿ. ಸೀಟು ನಾಲ್ಕು ಅಂಕದಲ್ಲಿ ತಪ್ಪಿತ್ತು. ಪತ್ರದ ಕೊನೆಗೆ ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂದು ಒಂದು ಸಾಲಿತ್ತು. ಒಬ್ಬ ಹುಡುಗಿಯ ದುಪಟ್ಟಾ ಬಿಚ್ಚಿಸಿ ಒಂದು ವರ್ಷ ಕಿತ್ತುಕೊಂಡದ್ದಕ್ಕೆ ಇವರಿಟ್ಟ ಹೆಸರು ಅನಾನುಕೂಲ.

ಮುಂದಿನ ವರ್ಷ ತರಗತಿ ಮತ್ತೆ ಹಾಕಿದೆ. ಊರಿನ ಪದವಿ ಕಾಲೇಜಿಗೆ ಸೇರಿದ್ದ ರುಬೀನಾಳನ್ನು ನಾನೇ ಹೋಗಿ ಕರೆತಂದೆ. ಅಷ್ಟರಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿತ್ತು, ಹುಡುಗಿಯರ ಬ್ಯಾಗಿನಲ್ಲೆಲ್ಲ ಸೊನ್ನೆ ರೂಪಾಯಿಯ ಟಿಕೆಟುಗಳು ಇರುತ್ತಿದ್ದವು. ಆ ಟಿಕೆಟನ್ನು ಮಡಚಿ ತುಟಿಗಳ ನಡುವೆ ಹಿಡಿದು ಪ್ಯಾಸೇಜು ಓದಬೇಕು, ಟಿಕೆಟ್ ಬಿದ್ದರೆ ಮೊದಲಿಂದ ಓದಬೇಕು ಎಂದು ನಿಯಮ ಮಾಡಿದೆ. ಮೊದಲ ದಿನ ರುಬೀನಾಳ ಟಿಕೆಟ್ ಹನ್ನೊಂದು ಸಲ ಬಿತ್ತು. ಮೌನವಾಗಿ ಓದಿದರೆ ಅರ್ಥವೇ ಆಗುವುದಿಲ್ಲ ಎಂದು ಅವಳು ನನ್ನ ಮೇಲೆ ಸಿಟ್ಟಾದಳು. ಆ ಸಿಟ್ಟು ನನಗೆ ಇಷ್ಟವಾಯಿತು. ಫೆಬ್ರವರಿ ಹೊತ್ತಿಗೆ ಟಿಕೆಟ್ ಬೀಳುವುದು ನಿಂತಿತು, ಏಪ್ರಿಲ್‌ನಲ್ಲಿ ಅದೇ ಹುಮನಾಬಾದಿನ ಅದೇ ಶಾಲೆಯಲ್ಲಿ ಆರೂ ಪ್ಯಾಸೇಜು ಮುಗಿಸಿ ಬಂದಳು. ಸೀಟು ಸಿಕ್ಕಿತು. ಈಗ ಅಲ್ಲಿಯೇ ಓದುತ್ತಿದ್ದಾಳೆ.

ಸೀಟು ಸಿಕ್ಕಿತಲ್ಲ, ಇನ್ನೇಕೆ ಸಿಟ್ಟು ಎಂದು ಕೇಳುವವರಿದ್ದಾರೆ. ಕಳೆದ ಆ ವರ್ಷವನ್ನು ಯಾರೂ ಅವಳಿಗೆ ತಿರುಗಿ ಕೊಡಲಿಲ್ಲ, ಅದಕ್ಕೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಮಗು ಓದಿ ಕೊಟ್ಟ ಉತ್ತರವನ್ನಷ್ಟೇ ನೋಡಬೇಡಿ, ಓದುವಾಗ ಮಗುವನ್ನು ನೋಡಿ. ಉತ್ತರ ಸರಿಯಿತ್ತೆಂದು ನಾನು ಮೂರು ತಿಂಗಳು ಮುಖ ನೋಡಲಿಲ್ಲ. ಮುಖ ನೋಡಿದವರಿಗೆ ಅಲ್ಲಿ ಕಂಡದ್ದು ಕಳ್ಳತನ.

ನಿವೃತ್ತಿಯಾದ ಮೇಲೆ ವಾರಕ್ಕೆರಡು ದಿನ ಮಧ್ಯಾಹ್ನ ದಾದಿಮಾಗೆ ಪೇಪರ್ ಓದಲು ಹೋಗುತ್ತೇನೆ. ಮೊದಲ ಸಲ ಹೋದಾಗ, ಟಿಕೆಟ್ ಹಿಡಿಸಿ ಹಿಡಿಸಿ ನನಗೂ ಅದೇ ಚಟವಾಗಿತ್ತೋ ಏನೋ, ಮೊದಲ ಪುಟವನ್ನು ಕಣ್ಣಲ್ಲೇ ಓದುತ್ತ ಕೂತುಬಿಟ್ಟಿದ್ದೆ. ದಾದಿಮಾ ಕೈ ಚಾಚಿ ನನ್ನ ಮೊಣಕಾಲು ತಟ್ಟಿದರು.

“ಬಾಯಿ ಬಿಟ್ಟು ಓದ್ರಿ ಮೇಡಂ. ಇಲ್ಲಿ ಯಾರೂ ಫಾರಂ ತುಂಬಂಗಿಲ್ಲ.”