ರಕ್ತ ಬಾರದ ಒಸಡು

ಶಿರಾಳಕೊಪ್ಪದ ಸಂತೆಯಲ್ಲಿ ಕುರಿಯ ತುಟಿ ಸರಿಸಿ, ಒಂದೇ ನೋಟಕ್ಕೆ ಅದರ ವಯಸ್ಸು ಹೇಳುತ್ತಿದ್ದವರು ನನ್ನ ದೊಡ್ಡಪ್ಪ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಹಲ್ಲೆಲ್ಲ ತುಂಬಿ ಬಾಯಿಗೂಡಿದ್ದೋ, ಅವರು ಹೇಳಿದ ಮೇಲೆ ಮುಗಿಯಿತು. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಅವರ ಸ್ವಂತ ಬಾಯಿಯದ್ದೂ ಅದೇ ಕಥೆ. ಹರೆಯದಿಂದಲೂ ಬೀಡಿ ಸೇದಿದ ಬಾಯಿ. ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದರೂ, "ಒಸಡಿಂದ ಒಂದ್ ಹನಿ ರಕ್ತ ಬಂದಿಲ್ಲ ನೋಡು, ಗಟ್ಟಿ ಐತಿ" ಎನ್ನುತ್ತಿದ್ದರು.

ಸೊರಬದಲ್ಲಿದ್ದ ನಾನು ಅವರ ಮನೆಗೆ ಹೋಗಿ, ಕಾಡಿ ಬೇಡಿ ಅವರನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ.

"ರಕ್ತ ಬರಲ್ಲ ಅಂದ್ರೆ ಚೆನ್ನಾಗಿದೆ ಅಂತಲ್ಲ ರೀ," ಅಂದರು ಆಕೆ. "ಹೊಗೆಯಿಂದ ರಕ್ತನಾಳ ಬಿಗಿದುಕೊಂಡಿವೆ. ಒಳಗಿನ ರೋಗ ಹೊರಗೆ ಕಾಣ್ತಿಲ್ಲ."

ಬಾಯಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇರುತ್ತವಂತೆ. ಹೊಗೆ ತಾಗಿ ತಾಗಿ ಅವು ಕಡಿಮೆಯಾದರೆ, ಗಾಳಿ ಬೇಡದ ಕೆಟ್ಟವು ಹಲ್ಲಿನ ಬುಡದಲ್ಲಿ ಬೀಡುಬಿಡುತ್ತವಂತೆ. ನನಗಿಂತ ಮೊದಲು ದೊಡ್ಡಪ್ಪನಿಗೆ ಅರ್ಥವಾಯಿತು.

"ಅಂದ್ರ ಹಿಂಡು ಕೆಟ್ಟೈತಿ. ಮತ್ತ ಸರಿ ಆಗ್ತದೇನ್ರಿ?"

"ಬೀಡಿ ಬಿಟ್ರೆ ನಿಧಾನಕ್ಕೆ ಆಗ್ತದೆ. ಬಿಡದಿದ್ರೆ ಈ ಎರಡು ಹಲ್ಲು ಉಳಿಯಲ್ಲ."

ಹಲ್ಲು ಸ್ವಚ್ಛ ಮಾಡಿಸಿಕೊಂಡು ಬಂದ ದೊಡ್ಡಪ್ಪ ಅವತ್ತೇ ಬೀಡಿ ಬಿಟ್ಟರು. ಆಮೇಲೆ ಶುರುವಾಯಿತು ನೋಡಿ ಫಜೀತಿ. ಕೆಲವು ವಾರಕ್ಕೆ, ಹಲ್ಲುಜ್ಜಿದರೆ ಉಗುಳೆಲ್ಲ ಕೆಂಪು. ದೊಡ್ಡಮ್ಮ ಹೆದರಿದರು. "ಸೇದೋವಾಗ ಇದೆಲ್ಲ ಇತ್ತೇನ್ರಿ? ಒಂದ್ ಸೇದಿ ನೋಡ್ರಿ" ಎಂದು ಎಂದೂ ಕೊಡದ ಬೀಡಿಯನ್ನು ತಾವೇ ತಂದುಕೊಟ್ಟರು. ಓದಿಕೊಂಡ ನನಗೂ ಒಳಗೊಳಗೇ ಅನುಮಾನ ಬಂತು.

ದೊಡ್ಡಪ್ಪ ಬೀಡಿ ಮುಟ್ಟಲಿಲ್ಲ. "ಮುಚ್ಚಿಟ್ಟಿದ್ದು ಹೊರಗ ಬರ್ತೈತಿ, ಬರ್ಲಿ" ಅಂದು, ಒಬ್ಬರೇ ಬಸ್ಸು ಹತ್ತಿ ಹೋಗಿ ಡಾಕ್ಟರಮ್ಮನಿಗೆ ತೋರಿಸಿದರು. ಬೀಡಿ ಬಿಟ್ಟ ಕೆಲವರಲ್ಲಿ ಹೀಗಾಗುತ್ತದೆ, ಒಸಡು ಚೇತರಿಸಿಕೊಳ್ಳುತ್ತಿದೆ ಎಂದರಂತೆ ಆಕೆ. ತಮಗೆ ಕಾಣದ ಜೀವಿಗಳ ವಿಷಯದಲ್ಲಿ ಆ ಮನುಷ್ಯ ತೋರಿದ ತಾಳ್ಮೆಗೆ ನಾನು ಸೋತೆ.

ನಾಲ್ಕು ತಿಂಗಳ ಮೇಲೆ ಮತ್ತೆ ಇಬ್ಬರೂ ಹೋದೆವು. ರಕ್ತ ನಿಂತು ಬಹಳ ದಿನವಾಗಿತ್ತು. ಡಾಕ್ಟರಮ್ಮ ಎರಡೂ ಹಲ್ಲು ಅಲ್ಲಾಡಿಸಿ ನೋಡಿ, "ಉಳಿದವು ರೀ" ಅಂದರು. ನನ್ನ ಕಣ್ಣು ತುಂಬಿತು.

ದೊಡ್ಡಪ್ಪ ಕುರ್ಚಿಯಿಂದ ಇಳಿದು ನನ್ನ ಕಡೆ ತಿರುಗಿದರು. ನಾನು ಸಿಗರೇಟು ಸೇದುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

"ನಿಂಗೂ ರಕ್ತ ಬರಂಗಿಲ್ಲಲ್ಲ," ಅಂದರು ಮೆಲ್ಲಗೆ. "ಕೂತ್ಕೋ."

ಆ ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ.