ಹಗೇವಿನೊಳಗಿಂದ ಬರಬೇಕಾದ ‘ಓ’

ನಮ್ಮ ಮಾವ ಯಾವ ಕೆಲಸಕ್ಕೂ ಕೈ ಹಾಕುವ ಮೊದಲು ಅದು ಎಲ್ಲೆಲ್ಲಿ ಕೆಡಬಹುದು ಎಂದು ಯೋಚಿಸುವ ಮನುಷ್ಯ. ನನ್ನ ಮದುವೆಗೆ ಬರುವಾಗ ಬಂಡಿಯ ಅಚ್ಚು ಮುರಿದೀತೆಂದು ಇನ್ನೊಂದು ಅಚ್ಚನ್ನೂ ಹೇರಿಕೊಂಡು ಬಂದಿದ್ದರು. ನಮ್ಮ ತವರಿನವರು ಬಿದ್ದು ಬಿದ್ದು ನಕ್ಕಿದ್ದರು. ಹಗೇವಿನ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಅಳವಂಡಿ ಕಡೆಯ ನಮ್ಮೂರಿನಲ್ಲಿ ಅದು ಮನೆಯ ಮುಂದೆಯೇ ಇರುತ್ತಿತ್ತು. ಬಾಯಿ ಒಬ್ಬ ಇಳಿಯುವಷ್ಟೇ, ಹೊಟ್ಟೆ ಒಂದು ಕೋಣೆಯಷ್ಟು. ತಿಂಗಳುಗಟ್ಟಲೆ ಮುಚ್ಚಿಟ್ಟ ಜೋಳದ ಕಾವಿಗೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಅವಸರ ಮಾಡಿ ಇಳಿದವನು ಕೂತಲ್ಲೇ ಸಾಯುತ್ತಾನೆ. ಅದಕ್ಕೇ ಮಾವನ ಕಟ್ಟಳೆ. ಬಾಯಿ ತೆಗೆದು ಒಂದು ರಾತ್ರಿ ಹಾಗೇ ಬಿಡಬೇಕು. ಬೆಳಿಗ್ಗೆ ಕಂದೀಲು ಇಳಿಬಿಟ್ಟು ಉರಿ ಕುಗ್ಗದೆ ನಿಲ್ಲುತ್ತದೆಯೇ ನೋಡಬೇಕು. ಇಳಿಯುವವನ ಕಂಕುಳಿಗೆ ಹಗ್ಗ ಕಟ್ಟಬೇಕು. ಮೇಲೊಬ್ಬ ಅವನ ಹೆಸರು ಹಿಡಿದು ಕರೆಯುತ್ತಲೇ ಇರಬೇಕು, ಒಳಗಿಂದ ಅವನು ‘ಓ’ ಅನ್ನುತ್ತಲೇ ಇರಬೇಕು. ‘ಓ’ ಬರಲಿಲ್ಲವೋ, ಹಗ್ಗ ಜಗ್ಗಿಬಿಡಬೇಕು.

ಎರಡನೇ ಮಹಾಯುದ್ಧದ ಕಾಲವದು, ಬೆಳೆದದ್ದರಲ್ಲಿ ಇಂತಿಷ್ಟೆಂದು ಸರ್ಕಾರಕ್ಕೆ ಲೆವಿ ಜೋಳ ಕೊಡಲೇಬೇಕಿತ್ತು. ಒಂದು ಬೆಳಿಗ್ಗೆ ವಸೂಲಿಯ ಗಿರ್ದಾವರ, ಅಂದರೆ ಕಂದಾಯದ ಅಧಿಕಾರಿ, ಬಂಡಿಗಳನ್ನು ಹೊಡೆಸಿಕೊಂಡು ಬಂದೇಬಿಟ್ಟ. ಸಂಜೆಯೊಳಗೆ ಜೋಳ ಹೇರಬೇಕಂತೆ.

“ಇವತ್ತ ಬಾಯಿ ತಗೀತೀನ್ರಿ ಸಾಹೇಬ್ರ, ನಾಳಿಗೆ ಇಳಿಯೋಣು,” ಅಂದರು ಮಾವ.

“ಜೋಳ ಮುಚ್ಚಿಡಾಕ ಟೈಮ್ ಬೇಕೇನು? ನಿಮ್ಮ ನಖರಾ ಎಲ್ಲಾ ನನಗ ಗೊತ್ತೈತಿ!”

ಮಾವ ಹಗೇವಿನ ಬಾಯಿ ತೆಗೆಸಿ, ಕಂಬಳಿ ಬೀಸಿಸಿ ಗಾಳಿ ಆಡಿಸಿದರು. ಮಧ್ಯಾಹ್ನ ಕಂದೀಲು ಇಳಿಬಿಟ್ಟರೆ ಅದು ಆರಲಿಲ್ಲ, ಆದರೆ ಉರಿ ಸಣ್ಣಗಾಯಿತು. ಮಾವ ತಲೆ ಅಲ್ಲಾಡಿಸಿದರು. “ಉರಿಯಾಕತ್ತೈತಲ್ಲ! ಮತ್ತೇನಾಗಬೇಕು?” ಅಂದ ಗಿರ್ದಾವರ. ನಮ್ಮವರಿಗೆ, ನನ್ನ ಗಂಡನಿಗೆ, ಮೊದಲೇ ಜಗಳವೆಂದರೆ ಆಗದು. “ಇರ್ಲಿ ಬಿಡಪ್ಪಾ, ನಾ ಇಳೀತೀನಿ,” ಎಂದವರೇ ಹಗ್ಗ ಕಟ್ಟಿಸಿಕೊಂಡು ಇಳಿದುಬಿಟ್ಟರು. ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಕರೆಯುವವರು ಸ್ವತಃ ಮಾವನೇ. ನಾನು ಮಜ್ಜಿಗೆಯ ಗಡಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಮಾವ ಕರೆಯುವುದು, ಕೆಳಗಿಂದ ‘ಓ’ ಬರುವುದು, ಆಗ ನಾನು ಉಸಿರು ಬಿಡುವುದು. ಬುಟ್ಟಿಗಳು ಮೇಲೆ ಬರುತ್ತಿದ್ದವು. ಅಷ್ಟರಲ್ಲಿ ಗಿರ್ದಾವರ ಒಂದು ಹಿಡಿ ಜೋಳ ಮೂಸಿ, “ಥೂ! ಮುಗ್ಗಲು ಜೋಳ ಕೊಡ್ತೀರೇನ್ರಿ ಸರ್ಕಾರಕ್ಕ?” ಎಂದ. ಹಗೇವಿನ ಜೋಳ ಮತ್ತೆ ಮಲ್ಲಿಗೆಯ ಹಾಗೆ ಘಮಘಮಿಸುತ್ತದೆಯೇ, ಮೂಳ! ಅಷ್ಟು ಎಚ್ಚರದ ಮಾವನಿಗೂ ಸಿಟ್ಟು ನೆತ್ತಿಗೇರಿತು, ಅವನತ್ತ ತಿರುಗಿದರು. ಹಗ್ಗ ಹಿಡಿದ ಆಳುಗಳೂ ಜಗಳದ ಕಡೆಗೇ ಬಾಯಿ ಬಿಟ್ಟುಕೊಂಡು ನಿಂತರು.

ಯಾರೂ ಕರೆಯುತ್ತಿರಲಿಲ್ಲ. ‘ಓ’ ಇರಲಿಲ್ಲ.

“ಮಾವಾರ!” ಅಂದೆ. ಸೊಸೆಯ ಧ್ವನಿ ಅದುವರೆಗೆ ಅಂಗಳ ದಾಟಿದ್ದೇ ಇಲ್ಲ, ಯಾರಿಗೆ ಕೇಳಬೇಕು? ಗಡಿಗೆ ಕೆಳಗಿಟ್ಟು ಹಗೇವಿನ ಬಾಯಿಗೆ ಓಡಿ, “ರೀ! ರೀ!” ಎಂದು ಕೂಗಿದೆ. ಅಲ್ಲಿ ಜಗಳಾಡುವವರೆಲ್ಲರ ಬಾಯಲ್ಲೂ ಅದೇ ‘ರೀ’. ಆಗ ಗಂಡನ ಹೆಸರು ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದೆ.

ಅಂಗಳವೆಲ್ಲ ಗಪ್ಪಾಯಿತು. ಹೆಂಡತಿ ಗಂಡನ ಹೆಸರು ಕರೆದದ್ದನ್ನು ಆ ಊರು ಎಂದೂ ಕೇಳಿರಲಿಲ್ಲ. ಆ ಮೌನದಲ್ಲಿ ಒಳಗಿಂದ ‘ಓ’ ಬಾರದ್ದು ಎಲ್ಲರಿಗೂ ಗೊತ್ತಾಯಿತು. ಒಬ್ಬ ಆಳು ಇಳಿಯಲು ಧಾವಿಸಿದ, ಮಾವ ಅವನ ರಟ್ಟೆ ಹಿಡಿದು ಚೀರಿದರು: “ಯಾರೂ ಇಳೀಬ್ಯಾಡ್ರಿ! ಇಳಿದವನೂ ಸಾಯ್ತಾನ! ಜಗ್ರಿ, ಹಗ್ಗ ಜಗ್ರಿ!”

ಮೇಲೆ ಬಂದಾಗ ಅವರ ತುಟಿ ನೀಲಿಗಟ್ಟಿತ್ತು, ಕೆನ್ನೆಗೆಲ್ಲ ಜೋಳ ಮೆತ್ತಿತ್ತು. ನಾನು ದೂರ ಸರಿದು ನಿಂತೆ. ಒಳಗಿಂದ ಓಡಿಬಂದ ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಹೆಸರು ಹಿಡಿದದ್ದಕ್ಕೆ ಬೈಯುತ್ತಾರೆ ಅಂದುಕೊಂಡೆ.

“ಕರಿ ಯವ್ವಾ, ಇನ್ನೊಮ್ಮಿ ಕರಿ! ನಿನ್ನ ಕಾಲಿಗಿ ಬೀಳ್ತೀನಿ, ಕರಿ!”

ಕರೆದೆ. ಅಳುತ್ತ ಮತ್ತೆ ಮತ್ತೆ ಕರೆದೆ. ಎಷ್ಟೋ ಹೊತ್ತಿಗೆ ಅವರು ಕೆಮ್ಮಿದರು.

ಆಮೇಲೊಂದು ದಿನ ನಮ್ಮವರೇ ಹೇಳಿದರು: “ನೀವೆಲ್ಲಾ ಜಗಳಾಡೂದು ಕೇಳಸ್ತಿತ್ತು. ನೀ ಕರದದ್ದೂ ಕೇಳಸ್ತು. ಓ ಅನ್ನಾಕ ಬಾಯಿನ ಬರಲಿಲ್ಲ.”

ಮುಂದಿನ ವರ್ಷ ಹಗೇವು ತೆಗೆದಾಗ ಮಾವ ನನ್ನನ್ನೇ ಬಾಯಿಯ ಹತ್ತಿರ ನಿಲ್ಲಿಸಿದರು. “ಕರಿಯೋದು ನಿನ್ನ ಕೆಲಸ. ಆಕಾಶ ಬಿದ್ರೂ ಆ ಕಡೆ ನೋಡಬ್ಯಾಡ,” ಅಂದರು. ಊರವರು ನಗಲಿ ಬಿಡಲಿ, ಒಳಗಿಳಿದ ಗಂಡನನ್ನು ಹೆಸರು ಹಿಡಿದೇ ಕರೆದೆ. ‘ಓ’ ಒಂದಿಷ್ಟು ತಡವಾದರೆ ಸಾಕು, ಹಗ್ಗ ಜಗ್ಗಿಸಿಬಿಡುತ್ತಿದ್ದೆ. ಅವರು ಅರ್ಧ ತುಂಬಿದ ಬುಟ್ಟಿ ಬಿಟ್ಟು ಮೇಲೆ ಬಂದು, “ಹುಚ್ಚಿ, ಕೆಲಸಾ ಮಾಡಗೊಡ್ತೀಯೋ ಇಲ್ಲೋ?” ಎಂದು ಎಲ್ಲರೆದುರು ಬೈಯುತ್ತಿದ್ದರು. ಬೈಯಲಿ. ಬೈದಷ್ಟು ಹೊತ್ತು ನಾನು ಅವರ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ.